ಎರಡು ತಟ್ಟೆ ಬಸ್ಸಾರು

ಬೋರ್ಡಿನ ಮೇಲೆ ಆ ಕೊನೆಯ ಸಾಲು ಬರೆಸದೆ ಇದ್ದಿದ್ದರೆ ಉಮಾಶಂಕರನಿಗೆ ಈ ಗ್ರಹಚಾರ ಬರುತ್ತಿರಲಿಲ್ಲ. ಅರಸೀಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವನು ಮೆಸ್ ತೆರೆದು ಇನ್ನೂ ವರ್ಷ ತುಂಬಿರಲಿಲ್ಲ. ಹಸಿರು ಬೋರ್ಡು, ಅದರ ಮೇಲೆ ಹಳದಿ ಅಕ್ಷರದಲ್ಲಿ ‘ಭಾಗ್ಯಕ್ಕನ ಮುದ್ದೆ ಮೆಸ್’. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಪೇಂಟರ್ ಡಬ್ಬಿಯಲ್ಲಿ ಬಣ್ಣ ಮಿಕ್ಕಿದೆ ಎಂದ. ಬಣ್ಣ ಯಾಕೆ ದಂಡವಾಗಬೇಕು ಎಂದು ಇವನು ಕೆಳಗೆ ಇನ್ನೊಂದು ಸಾಲು ಬರೆಸಿದ: ‘ಈ ಕೈರುಚಿ ಇನ್ನೆಲ್ಲೂ ಸಿಗದು.’

ಆ ಸಾಲನ್ನು ಬೇಲೂರಿನ ದೀಪಕ್ ಓದಿಬಿಟ್ಟ.

ದೀಪಕ್ ಅನುಕೂಲಸ್ಥರ ಮನೆಯ ಹುಡುಗ. ಬೇಲೂರಿನ ದೇವಸ್ಥಾನದ ರಸ್ತೆಯಲ್ಲಿ ಅವನಪ್ಪನದೊಂದು ಮಳಿಗೆ ಖಾಲಿ ಬಿದ್ದಿತ್ತು, ಹಳೇಬೀಡಿನಲ್ಲಿ ಇನ್ನೊಂದು. ಬೆಂಗಳೂರಿಗೆ ಹೋಗಿ ವ್ಯಾಪಾರ ಬೆಳೆಸುವ ಬಗ್ಗೆ ಯಾವುದೋ ತರಬೇತಿ ಮುಗಿಸಿಕೊಂಡು ಬಂದಿದ್ದ. ಸಿಗ್ನಲ್ ಸಿಗದ ಮೊಬೈಲನ್ನು ಜೇಬಿನಿಂದ ತೆಗೆದು ನೋಡುವುದು, ಮತ್ತೆ ಜೇಬಿಗಿಡುವುದು ಅವನ ಅಭ್ಯಾಸ. ಈ ಮೆಸ್ಸಿನಲ್ಲಿ ನಾಲ್ಕಾರು ಸಲ ಉಂಡ ಮೇಲೆ ಒಂದು ದಿನ ಗಲ್ಲಾದ ಮುಂದೆ ಕುರ್ಚಿ ಎಳೆದುಕೊಂಡು ಫ್ರಾಂಚೈಸಿ ಎಂದರೇನು ಎಂದು ವಿವರಿಸಿದ. ಹೆಸರು ಇವರದು, ಜಾಗ ಅವನದು. ಮಸಾಲೆ ಇಲ್ಲಿಂದ ಹೋಗುತ್ತದೆ, ತಿಂಗಳು ತಿಂಗಳು ಇವರ ಪಾಲು ಅಲ್ಲಿಂದ ಬರುತ್ತದೆ. ಕೊಬ್ಬರಿ ಮಂಡಿಯ ಗುಮಾಸ್ತಗಿರಿ ಬಿಟ್ಟು ಬಂದಿದ್ದ ಉಮಾಶಂಕರನಿಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಅವನ ಆಸೆಗೆ ಕಾರಣವೂ ಇತ್ತು. ಮುದ್ದೆ ತೊಳಸಿ ತೊಳಸಿ ಹೆಂಡತಿ ಭಾಗ್ಯಳ ಬಲಭುಜ ಹಿಡಿದುಕೊಂಡಿತ್ತು. ಡಾಕ್ಟರು ಕೆಲವು ತಿಂಗಳು ಒಲೆ ಬಿಟ್ಟು ದೂರ ಇರಿ ಎಂದಿದ್ದರು. ಅದು ಹೊಟ್ಟೆಗೆ ಹಿಟ್ಟಿರುವವರಿಗೆ ಹೇಳುವ ಮಾತು. ಬೇಲೂರಿನ ವ್ಯವಹಾರ ಕುದುರಿದರೆ ಇಲ್ಲಿಗೆ ಅಡುಗೆಯವರನ್ನಿಟ್ಟು ಹೆಂಡತಿಯನ್ನು ಗಲ್ಲಾದ ಹಿಂದೆ, ಫ್ಯಾನಿನ ಕೆಳಗೆ ಕೂರಿಸಬಹುದು ಎಂಬುದು ಅವನ ಲೆಕ್ಕ. ಹೆಂಡತಿಯ ಮೇಲಿನ ಪ್ರೀತಿ ಎಷ್ಟು, ತಾನು ಓನರ್ ಅನ್ನಿಸಿಕೊಳ್ಳುವ ಚಪಲ ಎಷ್ಟು ಎಂದು ಕೇಳಿದರೆ ಅವನಿಗೂ ಬಿಡಿಸಿ ಹೇಳಲು ಬರುತ್ತಿರಲಿಲ್ಲ.

ಎಲ್ಲ ಮಾತಾಗಿ ಸಹಿ ಹಾಕುವುದಷ್ಟೇ ಬಾಕಿ ಇದ್ದಾಗ ದೀಪಕ್ ಬೋರ್ಡಿನ ಕಡೆ ಬೆರಳು ತೋರಿಸಿದ.

“ಸಾರ್, ಈ ಕೈರುಚಿ ಇನ್ನೆಲ್ಲೂ ಸಿಗಲ್ಲ ಅಂತ ನೀವೇ ಬರ್ಸಿದೀರಿ. ಹಂಗಾದ್ರೆ ಬೇಲೂರಲ್ಲಿ ಏನು ಸಿಗುತ್ತೆ?”

ಉಮಾಶಂಕರ ತಡವರಿಸಿದ. “ಅದು ಸುಮ್ನೆ ಜನ ಬರ್ಲಿ ಅಂತ...”

“ಅದಕ್ಕೇ ಒಂದು ಪರೀಕ್ಷೆ ಮಾಡೋಣ. ಮುದ್ದೆ ಯಾರು ತೊಳಸಿದ್ರೂ ಮುದ್ದೆನೇ. ಪ್ರಶ್ನೆ ಬಸ್ಸಾರಿಂದು. ಒಂದು ಪಾತ್ರೆ ಅಕ್ಕ ಮಾಡ್ಲಿ. ಅದೇ ಸಾಮಾನು, ಅದೇ ಅಳತೆ, ಇನ್ನೊಂದು ಪಾತ್ರೆ ಬೇರೆಯವರು ಮಾಡ್ಲಿ. ಗಿರಾಕಿಗಳಿಗೆ ಎರಡೂ ಬಡಿಸೋಣ. ಯಾವ್ದು ಅಕ್ಕಂದು ಅಂತ ಯಾರಿಗೂ ಗೊತ್ತಾಗದೆ ಇದ್ರೆ ನಿಮ್ಮ ಬಿಸಿನೆಸ್ ಫ್ರಾಂಚೈಸಿಗೆ ರೆಡಿ. ಅಲ್ಲೇ ಸಹಿ. ಗೊತ್ತಾದ್ರೆ ರೆಡಿ ಇಲ್ಲ.”

ಬೇರೆಯವರು ಎಂದರೆ ಮುತ್ತಮ್ಮ. ಗಂಡಸಿಯಿಂದ ದಿನಾ ಬಸ್ಸಿನಲ್ಲಿ ಬಂದು ಸೊಪ್ಪು ಸೋಸಿ, ಕಾಳು ಬಿಡಿಸಿ, ಪಾತ್ರೆ ತೊಳೆದು ಹೋಗುತ್ತಿದ್ದ ಹೆಂಗಸು. ಭಾಗ್ಯ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತಿಂಗಳಿಂದ ಬಸ್ಸಾರು ಕಲಿಸುತ್ತಿದ್ದಳು. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿಗೆ ಖಾರ ಬೆರೆಸುವ ಹದ ಮುತ್ತಮ್ಮನಿಗೆ ಸುಮಾರಾಗಿ ಕೂತಿತ್ತು.

ಪರೀಕ್ಷೆಯ ದಿನ ಬೆಳಗ್ಗೆ ಕಾಫಿ ಕೊಡುತ್ತ ಭಾಗ್ಯ ಕೇಳಿದಳು. “ನೀವೂ ಉಣ್ಣೋಕೆ ಕೂತ್ಕೋಬೇಕಂತೆ?”

“ಹೌದಂತೆ. ಮನೆಯವರಿಗೇ ಗೊತ್ತಾಗಬಾರದು, ಆಗಲೇ ಗ್ಯಾರಂಟಿ ಅಂತಾನೆ ದೀಪಕ್.”

“ಮದುವೆ ಆದಾಗಿಂದ ನನ್ನ ಕೈಯಡುಗೆ ಉಂಡಿದೀರಿ. ನಿಮಗೆ ಗೊತ್ತಾಗುತ್ತೆ ಬಿಡಿ.”

ಅವಳು ನಗುತ್ತಲೇ ಹೇಳಿದಳು. ಆದರೆ ಉಮಾಶಂಕರ ಕಾಫಿ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟುಬಿಟ್ಟ. ಹೆಂಡತಿಯ ಸಾರನ್ನು ಗುರುತಿಸಿದರೆ ಬೇಲೂರು ಹೋಯಿತು, ಗುರುತಿಸದಿದ್ದರೆ ಮನೆ ನೆಮ್ಮದಿ ಹೋಯಿತು. ಅತ್ತ ದರಿ, ಇತ್ತ ಪುಲಿ. ಗಲ್ಲಾದ ಮೇಲಿನ ಫೋಟೊದಲ್ಲಿ ಬುದ್ಧ ಕಣ್ಣು ಮುಚ್ಚಿಕೊಂಡು ಕೂತಿದ್ದ. ಇಡೀ ಮೆಸ್ಸಿನಲ್ಲಿ ನೆಮ್ಮದಿಯಾಗಿದ್ದವನು ಅವನೊಬ್ಬನೇ.

ವಿಷಯ ಬೀದಿಗೆಲ್ಲ ಹಬ್ಬಿತ್ತು. ಎದುರಿನ ಟೈಲರ್ ಕೆಂಚಪ್ಪ ಹೆಗಲ ಮೇಲಿನ ಟೇಪನ್ನೂ ತೆಗೆಯದೆ ಓಡಿಬಂದ.

“ಏನ್ಲಾ ಶಂಕ್ರ, ಭಾಗ್ಯಕ್ಕನ ಸಾರಿಗೂ ಆ ಮುತ್ತಮ್ಮನ ಸಾರಿಗೂ ಪಂದ್ಯ ಅಂತೆ?”

“ಪಂದ್ಯ ಅಲ್ಲ ಕಣೋ. ಎರಡೂ ಒಂದೇ ಥರ ಇದೆ ಅಂತ ತೋರಿಸೋದು. ನೀನೂ ಉಣ್ಣೋಕೆ ಕೂರಬೇಕು. ಗೊತ್ತಾಗ್ಲಿಲ್ಲ ಅಂದ್ಬಿಡು, ಸಾಕು.”

ಕೆಂಚಪ್ಪನ ಮುಖ ಗಂಟಿಕ್ಕಿತು. “ಅಂದ್ರೆ ನಮ್ಮಕ್ಕನ ಕೈರುಚಿ ನನಗೆ ಗೊತ್ತಾಗಲ್ಲ ಅಂತ ನಾನು ನಾಕು ಜನದ ಮುಂದೆ ಹೇಳ್ಬೇಕಾ? ಹೆಂಡ್ತೀನ ಸೋಲ್ಸಕ್ಕೆ ನಿಂತಿದ್ದೀಯಲ್ಲ, ನಿಂಗೇನ್ ಬಂದೈತೆ?”

“ಅವಳು ಸೋತರೇನೇ ನಾವು ಗೆಲ್ಲೋದು ಕಣೋ.”

“ಇದ್ಯಾವ ಸೀಮೆ ವ್ಯಾಪಾರನೋ ಕಾಣೆ,” ಎಂದು ಕೆಂಚಪ್ಪ ಇಸ್ತ್ರಿ ಪೆಟ್ಟಿಗೆಗೆ ಕೆಂಡ ಹಾಕಿಕೊಳ್ಳಲು ಎಂದಿನಂತೆ, ಮುತ್ತಮ್ಮ ಆಗಲೇ ಪಾತ್ರೆ ಏರಿಸಿದ್ದ ಹಿತ್ತಲಿನ ಒಲೆಯ ಕಡೆ ಹೋದ.

ಅವನ ಹಿಂದೆಯೇ ಬಂದವರು ಬೋರಯ್ಯ, ಬಸ್ಸಿನಲ್ಲಿ ಕಂಡಕ್ಟರಾಗಿದ್ದು ರಿಟೈರ್ ಆದವರು. ಮಧ್ಯಾಹ್ನದ ಮುದ್ದೆ ಖಾಯಂ ಇಲ್ಲಿಯೇ. ಅವರ ಕಾಲು ಹಿಡಿಯುವುದೊಂದು ಬಾಕಿ, ಉಮಾಶಂಕರ ಹಾಗೆ ಬೇಡಿಕೊಂಡ.

“ನೋಡು ಮಗಾ,” ಎಂದರು ಬೋರಯ್ಯ. “ತುಂಬಿದ ಬಸ್ಸಲ್ಲಿ ಯಾರು ಟಿಕೆಟ್ ತಗಂಡಿಲ್ಲ ಅಂತ ಮುಖ ನೋಡಿ ಹೇಳ್ತಿದ್ದೋನು ನಾನು. ಸಾರು ಗೊತ್ತಾಗಲ್ಲ ಅಂದ್ರೆ ನನ್ನ ಸರ್ವಿಸಿಗೇ ಅವಮಾನ.”

ಮೊದಲೆಲ್ಲ ಇವರು ಹೊಗಳಿದರೆ ಉಮಾಶಂಕರ ಉಬ್ಬಿ ಎರಡು ಸೌಟು ಹೆಚ್ಚು ಬಡಿಸುತ್ತಿದ್ದ. ಇವತ್ತು ಒಬ್ಬೊಬ್ಬರ ಹೊಗಳಿಕೆಗೂ ಬೇಲೂರು ಒಂದೊಂದು ಮೈಲಿ ದೂರ ಸರಿಯುತ್ತಿತ್ತು.

ಹೊತ್ತು ಏರಿತು. ಒಳಗಿನ ಒಲೆಯ ಮೇಲೆ ಭಾಗ್ಯಳ ದೊಡ್ಡ ಪಾತ್ರೆ, ಹಿತ್ತಲಿನ ಒಲೆಯ ಮೇಲೆ ಮುತ್ತಮ್ಮನ ಚಿಕ್ಕ ಪಾತ್ರೆ. ಎರಡೂ ಕುದಿದು ಇಳಿಯುವ ಹೊತ್ತಿಗೆ ಬೀದಿಯಿಂದ ಕೂಗು ಬಂತು: “ನಲ್ಲೀಲಿ ನೀರು ಬಂತು.” ಅರಸೀಕೆರೆಯಲ್ಲಿ ನಲ್ಲಿ ನೀರು ಬಂದಾಗ ಒಲೆಯ ಮೇಲೆ ಏನಿದೆ ಎಂದು ಯಾರೂ ನೋಡುವುದಿಲ್ಲ. ಭಾಗ್ಯ ಒಂದು ಕೊಡ, ಮುತ್ತಮ್ಮ ಎರಡು ಕೊಡ ಹಿಡಿದು ಓಡಿದರು.

ಉಮಾಶಂಕರ ಮೆಲ್ಲಗೆ ಹಿತ್ತಲಿಗೆ ಹೋಗಿ ಮುತ್ತಮ್ಮನ ಪಾತ್ರೆಯಿಂದ ಒಂದು ತೊಟ್ಟು ಅಂಗೈಗೆ ಹಾಕಿ ನೆಕ್ಕಿದ. ನೆಕ್ಕಿದ್ದೇ ತಡ, ಕಣ್ಣಲ್ಲಿ ನೀರು ಬಂತು. ಉಪ್ಪು! ಯಾರೋ ಹಿಡಿಹಿಡಿಯಾಗಿ ಸುರಿದಂತಿತ್ತು. ಗಾಬರಿಯಲ್ಲಿ ಮುತ್ತಮ್ಮ ಎರಡು ಮೂರು ಸಲ ಹಾಕಿಬಿಟ್ಟಿದ್ದಾಳೆ ಎಂದುಕೊಂಡ. ಇದನ್ನು ಬಡಿಸಿದರೆ ಹಾಲುಗಲ್ಲದ ಮಗು ಕೂಡ ಯಾವುದು ಯಾರದೆಂದು ಹೇಳುತ್ತದೆ. ಹೊರಗೆ ದೀಪಕನ ಜೀಪು ಬಂದು ನಿಂತ ಸದ್ದಾಯಿತು.

ಮೋಸ ಎಂದು ಉಮಾಶಂಕರನ ಮನಸ್ಸು ಹೇಳಿತು, ಭಾಗ್ಯಳ ಭುಜ ಎಂದೂ ಅದೇ ಮನಸ್ಸೇ ಹೇಳಿತು. ಪಾತ್ರೆ ಎತ್ತಿ ಉಪ್ಪುಸಾರನ್ನೆಲ್ಲ ತೆಂಗಿನ ಮರದ ಬುಡಕ್ಕೆ ಸುರಿದ. ತೆಂಗಿಗೆ ಉಪ್ಪು ಒಳ್ಳೆಯದೇ. ಪಾತ್ರೆಯನ್ನು ತೊಳೆದು ಒಳಗೆ ಓಡಿ, ಭಾಗ್ಯಳ ದೊಡ್ಡ ಪಾತ್ರೆಯಿಂದ ಸೌಟು ಸೌಟಾಗಿ ಬಸ್ಸಾರು ತುಂಬಿಸಿ ತಂದು ಹಿತ್ತಲಿನ ಒಲೆಯ ಮೇಲಿಟ್ಟ. ಅವಸರದಲ್ಲಿ ಅಂಗಿಯ ಮೇಲೊಂದಿಷ್ಟು ಚೆಲ್ಲಿತು. ಹೆಂಗಸರು ಕೊಡ ಹೊತ್ತು ಬರುವಾಗ ಅವನು ಗಲ್ಲಾದ ಮುಂದೆ ಕೂತು ಏದುಸಿರು ಅಡಗಿಸಿಕೊಳ್ಳುತ್ತಿದ್ದ.

ಉಸಿರು ಹತೋಟಿಗೆ ಬಂದ ಮೇಲೆ ನಗು ಬಂತು. ಇನ್ನೇನು ಭಯ? ಎರಡೂ ಭಾಗ್ಯಳದೇ ಸಾರು, ಒಂದೇ ಪಾತ್ರೆಯ ಸಾರು. ಬೋರಯ್ಯನಲ್ಲ, ಬೋರಯ್ಯನ ಡಿಪೋ ಮ್ಯಾನೇಜರೇ ಬಂದರೂ ವ್ಯತ್ಯಾಸ ಹೇಳಲಾರ.

ದೀಪಕ್ ತಾನೇ ಸೌಟು ಹಿಡಿದ. ಮೂವರ ಮುಂದೆಯೂ ಎಡಗಡೆ ಒಂದು ತಟ್ಟೆ, ಬಲಗಡೆ ಒಂದು ತಟ್ಟೆ. ಎರಡರಲ್ಲೂ ಅದೇ ಮುದ್ದೆ. ಎಡಕ್ಕೆ ಒಳಗಿನ ಪಾತ್ರೆಯದು, ಬಲಕ್ಕೆ ಹಿತ್ತಲಿನದು ಎಂಬುದು ಅವನೊಬ್ಬನಿಗೇ ಗೊತ್ತು. ಭಾಗ್ಯ ಅಡುಗೆಮನೆ ಬಾಗಿಲಲ್ಲಿ ಸೆರಗು ಸಿಕ್ಕಿಸಿಕೊಂಡು ನಿಂತಳು. ಅವಳ ಹಿಂದೆ ಮುತ್ತಮ್ಮ ಉಗುರು ಕಚ್ಚುತ್ತಿದ್ದಳು.

ಬೋರಯ್ಯ ಎಡಗಡೆಯ ತುತ್ತು ನುಂಗಿ ಕಣ್ಣು ಮುಚ್ಚಿದರು. ಬಲಗಡೆಯದು ನುಂಗಿ ಕಣ್ಣು ತೆರೆದರು.

“ಎಡಗಡೇದು ಭಾಗ್ಯಕ್ಕಂದು,” ಎಂದರು. “ಬಲಗಡೇದ್ರಲ್ಲಿ ಹುಣಸೆ ಮುಂದಕ್ಕೆ ಬಂದೈತೆ. ಗಂಟ್ಲಲ್ಲಿ ಇಳಿಯಾಗ್ಲೇ ಗೊತ್ತಾಗೋಯ್ತು.”

ಇನ್ನು ಕೆಂಚಪ್ಪನ ಸರದಿ. ಅವನು ಎಡಗಡೆಯದನ್ನು ಉಂಡ, ಬಲಗಡೆಯದನ್ನು ಹೆದರಿ ಹೆದರಿ ತುದಿನಾಲಿಗೆಗೆ ಮುಟ್ಟಿಸಿದ. ಮುಖದಲ್ಲಿ ಆಶ್ಚರ್ಯ ಕಂಡಿತು. ಮತ್ತೆ ಎಡ, ಮತ್ತೆ ಬಲ.

“ಉಪ್ಪು...” ಎಂದು ಶುರುಮಾಡಿ ನಿಲ್ಲಿಸಿದ.

“ಉಪ್ಪು ಏನಾಯ್ತು?” ದೀಪಕ್ ಕೇಳಿದ.

“ಏನಿಲ್ಲ ಬುಡಿ. ಸರಿಯಾಗೇ ಐತೆ.”

ಹಿತ್ತಲಿಗೆ ಕೆಂಡಕ್ಕೆ ಹೋದವನು ಮಾಡಿದ ಕೆಲಸ ಏನೆಂದು ಉಮಾಶಂಕರನಿಗೆ ಆಗ ಹೊಳೆಯಿತು. ಭಾಗ್ಯಕ್ಕ ಗೆಲ್ಲಲಿ ಎಂದು ಈ ಪುಣ್ಯಾತ್ಮ ಉಪ್ಪು ಸುರಿದಿದ್ದಾನೆ. ಉಮಾಶಂಕರನ ಅಂಗಿಯ ಮೇಲಿನ ಸಾರಿನ ಕಲೆ ನೋಡಿ ಕೆಂಚಪ್ಪನಿಗೂ ಏನೋ ಹೊಳೆದಂತಿತ್ತು. ಇವನು ಬಾಯಿ ಬಿಟ್ಟರೆ ಅವನು ಸಿಕ್ಕಿಬೀಳುತ್ತಾನೆ, ಅವನು ಬಾಯಿ ಬಿಟ್ಟರೆ ಇವನು. ಇಬ್ಬರೂ ತಲೆ ತಗ್ಗಿಸಿದರು.

“ಬೋರಣ್ಣ ಹೇಳಿದ್ದೇ ಸೈ,” ಎಂದ ಕೆಂಚಪ್ಪ. “ಎಡಗಡೇದೇ ನಮ್ಮಕ್ಕಂದು.”

ದೀಪಕ್ ಉಮಾಶಂಕರನ ಕಡೆ ತಿರುಗಿದ. ಬಾಗಿಲಲ್ಲಿ ನಿಂತವಳೂ ಅವನನ್ನೇ ನೋಡುತ್ತಿದ್ದಳು. ಉಮಾಶಂಕರ ಎರಡೂ ತಟ್ಟೆಯಿಂದ ಉಂಡ. ತನ್ನ ಜನ್ಮದಲ್ಲಿ ಇಷ್ಟು ಸತ್ಯವಾದ ಮಾತು ಇನ್ನೊಂದು ಆಡಿಲ್ಲ ಎಂಬ ಧೈರ್ಯದಲ್ಲಿ ಹೇಳಿದ:

“ನನಗೇನೂ ವ್ಯತ್ಯಾಸ ಕಾಣ್ತಿಲ್ಲ. ಎರಡೂ ಒಂದೇ.”

ಭಾಗ್ಯ ಸರಸರನೆ ಬಂದಳು.

“ಬೋರಣ್ಣಂಗೆ ಗೊತ್ತಾಯ್ತು, ಕೆಂಚಪ್ಪಂಗೆ ಗೊತ್ತಾಯ್ತು. ನಿಮಗೆ ಎರಡೂ ಒಂದೇನಾ?” ಎಂದವಳೇ ಗಂಡನ ಬಲಗಡೆಯ ತಟ್ಟೆಗೆ ಬೆರಳದ್ದಿ ಬಾಯಿಗಿಟ್ಟುಕೊಂಡಳು. “ಇದನ್ನ ನಾನು ಮಾಡಿದ್ದು ಅಂತೀರಾ? ಬೆಳ್ಳುಳ್ಳಿ ಸೀದಿದೆ. ಬೋರಣ್ಣ ಹೇಳಿದ ಹಾಗೆ ಹುಣಸೆ ಬೇರೆ ಜಾಸ್ತಿ. ಒಂದು ದಿನವಾದ್ರೂ ನಾನು ಹಿಂಗೆ ಮಾಡಿದ್ದು ಉಂಡಿದೀರಾ?”

ಉಮಾಶಂಕರನಿಗೆ ಅವಳ ಕೈ ಹಿಡಿದು ನಿಜ ಹೇಳಿಬಿಡಬೇಕು ಅನ್ನಿಸಿತು. ಹೇಳಿದರೆ ತಾನು ಮೋಸಗಾರ. ಅದು ಹಾಳಾಗಲಿ, ಬೀದಿ ಜನರ ಮುಂದೆ ಅವಳು ತನ್ನ ಸಾರನ್ನೇ ತಾನು ಹಳಿದಳು ಎಂದಾಗುತ್ತದೆ. ತುತ್ತಿನ ಜೊತೆ ಮಾತನ್ನೂ ನುಂಗಿದ.

“ಸಾರಿ ಸಾರ್,” ಎಂದ ದೀಪಕ್. “ಎಡಗಡೆದೇ ಅಕ್ಕಂದು. ಗಿರಾಕಿಗಳಿಬ್ರೂ ಕಂಡುಹಿಡಿದ್ರು. ನಿಮ್ಮ ಬಿಸಿನೆಸ್ ಫ್ರಾಂಚೈಸಿಗೆ ರೆಡಿ ಇಲ್ಲ.”

ಅಷ್ಟು ಹೇಳಿ ಅವನು ಹೊರಡಬಹುದಿತ್ತು. ಹೊರಡಲಿಲ್ಲ. ಒಂದು ಮುದ್ದೆ ಹಾಕಿಸಿಕೊಂಡು ಎರಡೂ ಸಾರಿನಲ್ಲಿ ಅದ್ದಿ ಅದ್ದಿ ಉಂಡ. ಬಲಗಡೆಯದನ್ನು ಎರಡನೇ ಸಲ ಹಾಕಿಸಿಕೊಂಡ.

“ಅಕ್ಕ, ತಪ್ಪು ತಿಳ್ಕೋಬೇಡಿ. ಹುಣಸೆ ಮುಂದಿದೆ ಅಂದ್ರಲ್ಲ, ಅದೇ ನನಗೆ ಹಿಡಿಸ್ತು. ಹಳೇಬೀಡಲ್ಲಿ ನಮ್ಮಜ್ಜಿ ಥೇಟ್ ಹಿಂಗೇ ಮಾಡ್ತಿದ್ರು. ಮುತ್ತಮ್ಮೋರೇ, ಬೇಲೂರಿಗೆ ಬರ್ತೀರಾ? ಮೆಸ್ ನಾನು ಹಾಕ್ತೀನಿ, ನಿಮ್ಮ ಹೆಸರಲ್ಲೇ.”

ಮುತ್ತಮ್ಮ ನಂಬಲಾರದೆ ಬಂದು ಬಲಗಡೆಯ ಸಾರನ್ನು ಒಂದು ಗುಟುಕು ಕುಡಿದಳು. ಅವಳ ಕಣ್ಣು ಅರಳಿತು.

“ನನ್ ಕೈಲಿ ಇಷ್ಟ್ ರುಚಿ ಐತೆ ಅಂತ ನಂಗೇ ಗೊತ್ತಿರ್ಲಿಲ್ಲ ಕಣಕ್ಕ,” ಎಂದಳು ಭಾಗ್ಯಳಿಗೆ. ಆಮೇಲೆ ದೀಪಕನ ಕಡೆ ತಿರುಗಿ, “ಬತ್ತೀನಿ ಸಾಮಿ. ಗಂಡಸೀಲಿ ಒಂದ್ ಗಳಿಗೆ ನಿಲ್ಸಿ, ಬಟ್ಟೆ ಬರೆ ತಗತೀನಿ” ಎಂದಳು.

ಜೀಪು ಹೋಯಿತು. ಬೋರಯ್ಯ ತಾವು ಗೆದ್ದ ಸಂತೋಷಕ್ಕೆ ಎಲೆ ಅಡಿಕೆ ಹಾಕಿಕೊಂಡು ಹೋದರು. ಕೆಂಚಪ್ಪ ಇಸ್ತ್ರಿ ಪೆಟ್ಟಿಗೆ ಆರಿತು ಎಂದು ಗೊಣಗುತ್ತ ಎದ್ದ, ಆದರೆ ಕೆಂಡಕ್ಕೆ ಹಿತ್ತಲಿಗೆ ಹೋಗುವ ಧೈರ್ಯ ಮಾಡಲಿಲ್ಲ.

ಸಂಜೆ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಭಾಗ್ಯ ಹಿತ್ತಲಿನ ಪಾತ್ರೆಯ ತಳದಲ್ಲಿ ಮಿಕ್ಕಿದ್ದ ಸಾರನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುತ್ತ ಕೂತಿದ್ದಳು. ಉಮಾಶಂಕರ ಪಕ್ಕದಲ್ಲಿ ಕೂತ.

“ಬೈಯಕ್ಕೆ ಬೈದೆ. ನಿಜ ಹೇಳಬೇಕು ಅಂದ್ರೆ ಅವಳದೇ ಚೆನ್ನಾಗಿದೆ ಕಣ್ರೀ,” ಎಂದಳು ಭಾಗ್ಯ.

ಅವನಿಗೆ ಇನ್ನು ತಡೆಯಲಾಗಲಿಲ್ಲ. ಉಪ್ಪು, ತೆಂಗಿನ ಮರ, ಸೌಟು, ಎಲ್ಲವನ್ನೂ ಹೇಳಿಬಿಟ್ಟ. “ಆಣೆ ಮಾಡಿ ಹೇಳ್ತೀನಿ ಕಣೇ. ಎರಡೂ ನಿಂದೇ ಸಾರು.”

ಭಾಗ್ಯ ಅವನನ್ನೇ ನೋಡಿದಳು. ಬೆಳಗಿನಿಂದ ಕಾಣದಿದ್ದ ಮೃದುತನ ಅವಳ ಮುಖಕ್ಕೆ ಬಂತು.

“ನನ್ನ ಸಮಾಧಾನಕ್ಕೆ ಎಷ್ಟು ದೊಡ್ಡ ಸುಳ್ಳು ಕಟ್ತೀರಿ ನೀವು. ನನ್ನ ಸಾರು ನನಗೆ ಗೊತ್ತಾಗಲ್ವಾ?” ಎಂದು ಅವನ ತಲೆ ಸವರಿದಳು. ಒಳಗೆ ಹೋಗಿ ಮುದ್ದೆ ಕೋಲನ್ನು ತಂದು ಅವನ ಕೈಗೆ ಕೊಟ್ಟಳು.

“ಬೆಳಗ್ಗೆ ಮೊದಲನೇ ಬಸ್ಸಿಗೆ ನಾನು ಬೇಲೂರಿಗೆ ಹೋಗ್ತೀನಿ. ಮುತ್ತಮ್ಮನ ಹತ್ರ ಒಂದು ತಿಂಗಳು ನಿಂತು ಬಸ್ಸಾರು ಕಲಿತ್ಕೊಂಡು ಬರ್ತೀನಿ. ಅಲ್ಲೀವರೆಗೆ ಮುದ್ದೆ ನೀವು ತೊಳಸಿ.”