ತಂಗಿಗೆ ನಾನು ಕೊಡಿಸಿದ ಹಾಸುಬಂಡೆ

ನನ್ನ ತಂಗಿ ಗೌರಿಗೆ ಜಮೀನು ಕೊಡಿಸಿದವನು ನಾನೇ. ಈ ವಿಷಯದಲ್ಲಿ ನಮ್ಮ ಸಾರಕ್ಕಿಯಲ್ಲಿ ಎರಡು ಮಾತಿಲ್ಲ. ಹೋದ ತಿಂಗಳು ಅವಳು ತೀರಿಕೊಂಡಳು. ಅದಕ್ಕೇ ಈ ಕಥೆಯನ್ನು ನಾನು ಹೇಳಬೇಕಾಗಿದೆ. ಅವಳೇ ಹೇಳಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಜಮೀನು ಅಪ್ಪ ಸ್ವಂತ ದುಡಿದು ಕೊಂಡದ್ದು. ಅವರು ಹೋದ ಮೇಲೆ ಹೊಸ ಕಾನೂನಿನಂತೆ ಹೆಣ್ಣುಮಗಳಿಗೂ ಪಾಲು ಬರಬೇಕಿತ್ತು. ಗೌರಿ ಗಂಡನನ್ನು ಕಳೆದುಕೊಂಡು ದೊಡ್ಡಣ್ಣನ ಮನೆಯಲ್ಲಿದ್ದಳು. ಪ್ರತಿ ತುತ್ತಿಗೂ ಅತ್ತಿಗೆಯ ಮುಖ ನೋಡಬೇಕು. ಜಯನಗರದಲ್ಲಿ ಮನೆ ಮಾಡಿಕೊಂಡು ಗುಮಾಸ್ತನಾಗಿದ್ದ ನಾನು, ಮನೆಯಲ್ಲಿ ಪತ್ರಿಕೆ ಓದುವ ಏಕೈಕ ವ್ಯಕ್ತಿಯಾದ ಕಾರಣ, ಅವಳ ಪರ ವಹಿಸಿಕೊಂಡೆ.

ನಮ್ಮಲ್ಲಿ ಹಿರಿಯವನು ಭಾಗ ಮಾಡಬೇಕು, ಕಿರಿಯರು ಮೊದಲು ಆರಿಸಬೇಕು. ದೊಡ್ಡಣ್ಣ ಮೂರು ಭಾಗ ಮಾಡಿದ: ಬಾವಿ ಹೊಲ, ಹುಣಸೆಮರದ ಹೊಲ, ಬಂಡೆ ಹೊಲ. ಕೊನೆಯದರಲ್ಲಿ ಹೊಲಕ್ಕಿಂತ ಬಂಡೆಯೇ ಹೆಚ್ಚು. ಎಲ್ಲರಿಗಿಂತ ಕಿರಿಯವಳು ಗೌರಿ!

"ಬಾವಿ ಹೊಲ ಅಂತೀನಿ, ಮುಗೀತು," ಎಂದಳು ಆರಿಸುವ ಹಿಂದಿನ ದಿನ.

"ದುಡುಕಬೇಡ. ಕಾನೂನು ಅಂದ್ರೆ ಸೂಕ್ಷ್ಮ ಇರುತ್ತೆ. ಪಟೇಲರು ಒಂದೊಂದೇ ಹೊಲ ಕೂಗ್ತಾರೆ. ನಾನು ಕೆಮ್ಮಿದಾಗ ಹೂಂ ಅನ್ನು."

"ಓದಿರೋನು ನೀನು, ಚಿಕ್ಕಣ್ಣ. ಹಂಗೇ ಮಾಡ್ತೀನಿ."

ಮರುದಿನ ಹಿರಿಯರು ಜಗಲಿಯಲ್ಲಿ ಕೂತರು. ಪಟೇಲರು "ಬಂಡೆ ಹೊಲ ಯಾರಿಗೆ?" ಎಂದು ಕೂಗುವುದಕ್ಕೂ ಒಳಗೆ ಅತ್ತಿಗೆ ಒಣಮೆಣಸಿನಕಾಯಿ ಹುರಿಯುವುದಕ್ಕೂ ಸರಿಹೋಯಿತು. ಘಾಟು ನೇರ ನನ್ನ ಗಂಟಲಿಗೆ! ತಡೆದೆ. ತಡೆದಷ್ಟೂ ಜೋರಾಗಿ ಕೆಮ್ಮಿದೆ.

ಗೌರಿ ಕಣ್ಣರಳಿಸಿ ನನ್ನನ್ನೇ ನೋಡಿದಳು. ಬೇಡ, ಬೇಡ ಎಂದು ಕೈಯಾಡಿಸಿದೆ. ಅವಳಿಗೆ ಅದು 'ಬೇಗ, ಬೇಗ' ಎಂದಂತೆ ಕಂಡಿತಂತೆ.

"ಹೂಂ, ನಂಗೇ!" ಎಂದಳು.

ಚಿಂತೆಯಿಲ್ಲ, ಮುಂದಿನ ಸರದಿ ನನ್ನದು. ಬಾವಿ ಹೊಲ ತೆಗೆದುಕೊಂಡು ಅವಳಿಗೆ ಬದಲಾಯಿಸಿ ಕೊಟ್ಟರಾಯಿತು! ಆದರೆ ಬಾಯಿಂದ ಮಾತೇ ಹೊರಡದು. ದೊಡ್ಡಣ್ಣ ಅಪಾರ ಕರುಣೆಯಿಂದ ನನ್ನ ಬೆನ್ನು ಗುದ್ದತೊಡಗಿದ.

"ಹುಣಸೆಮರದ್ದು ನಿಂಗೆ, ಅಲ್ವೇನಪ್ಪ?" ಎಂದರು ಪಟೇಲರು.

ಒಂದೊಂದು ಗುದ್ದಿಗೂ ನನ್ನ ತಲೆ ಬಾಗುತ್ತಿತ್ತು.

"ಒಪ್ಕೊಂಡ!"

ಸಂಜೆ ಗೌರಿ ಗುಟ್ಟಾಗಿ ಕೇಳಿದಳು: "ಬಂಡೇಲಿ ಏನು ಸೂಕ್ಷ್ಮ ಐತೆ, ಚಿಕ್ಕಣ್ಣ?"

"ಮೆಣಸಿನಕಾಯಿ," ಎಂದೆ.

ವಿಷಯ ತಿಳಿದು, ನಿಲ್ಲಲಾರದೆ ನೆಲದ ಮೇಲೆ ಕೂತು ನಕ್ಕಳು. "ಹೋಗ್ಲಿ ಬಿಡು. ಬಂಡೆ ಆದ್ರೇನು, ನಂದು. ಏಳು ಅನ್ನೋರಿಲ್ಲ."

ಆ ವರ್ಷ ರಾಗಿ ಒಕ್ಕುವ ಕಾಲಕ್ಕೆ ಮಳೆ ಹಿಡಿಯಿತು. ಊರಿನ ಕಣಗಳೆಲ್ಲ ಕೆಸರು. ಮಳೆ ನಿಂತ ಕೂಡಲೇ ಒಣಗಿದ್ದು ಗೌರಿಯ ಹಾಸುಬಂಡೆ ಒಂದೇ. ಮೊದಲು ಬಂದು ನಿಂತವನು ದೊಡ್ಡಣ್ಣ.

"ಒಸಿ ಜಾಗ ಕೊಡ್ತೀಯೇನಮ್ಮಾ?"

"ಕೊಡ್ತೀನಣ್ಣ. ಒಂದು ಮೊರ ರಾಗಿ ಇಲ್ಲಿಟ್ಟು ಹೋಗು."

ಆಮೇಲೆ ವರ್ಷವರ್ಷವೂ ಊರೇ ಅವಳ ಬಂಡೆಗೆ ಬಂತು. ಗೌರಿ ಬೇರೆ ಒಲೆ ಹೂಡಿ, ತನ್ನ ಮುದ್ದೆಯನ್ನು ತಾನೇ ತಿರುವಿ ಉಂಡಳು.

ಹೋದ ತಿಂಗಳು ಅವಳ ತಿಥಿಯ ದಿನ ಪಟೇಲರು ಎಲ್ಲರೆದುರು ನನ್ನ ಕೈ ಹಿಡಿದುಕೊಂಡರು. "ಎಂಥಾ ದೂರದೃಷ್ಟಿನಪ್ಪ ನಿಂದು! ಬಾವಿ ಬಿಟ್ಟು ಬಂಡೆ ಕೊಡಿಸ್ದೆಯಲ್ಲ!"

ನಾನು ವಿನಯದಿಂದ ತಲೆ ತಗ್ಗಿಸಿದೆ. ಇನ್ನೇನು ಗೌರಿ ಕಿಸಕ್ಕನೆ ನಗುತ್ತಾಳೆ ಎಂದು ಕಾದೆ.

ಯಾರೂ ನಗಲಿಲ್ಲ. ಎಲ್ಲರೂ ನಂಬಿಬಿಟ್ಟಿದ್ದರು!