'ಮಲೆನಾಡು ಚೊಗರು' ಶೂವನ್ನು ಹೊಗಳಿದ್ದನ್ನು ರದ್ದುಪಡಿಸುವ ಬಗ್ಗೆ

ಇಂದ:
ಗಂಗಾಧರ್, ದೈಹಿಕ ಶಿಕ್ಷಣ ಶಿಕ್ಷಕ, ಪ್ರೌಢಶಾಲೆ, ನರಸಿಂಹರಾಜಪುರ ತಾಲೂಕು
(ಬಿಡುವಿದ್ದಾಗ ಮೊಬೈಲಿನಲ್ಲಿ ಶೂ ವಿಮರ್ಶಕ)

ಗೆ:
ಬಣ್ಣ ವಿಭಾಗದ ಮುಖ್ಯಸ್ಥರು, ವಜ್ರಪಾದ ಶೂ ಕಂಪನಿ, ಬೆಂಗಳೂರು

ವಿಷಯ: ತಮ್ಮ ಹಳೇ ಮಾದರಿಯ ಬಾಸ್ಕೆಟ್‌ಬಾಲ್ ಶೂ 'ವಜ್ರಪಾದ-87'ರ ಹೊಸ ಬಣ್ಣದ ಬಗ್ಗೆ ಅರ್ಜಿದಾರನು ಆಡಿದ ಸುಳ್ಳನ್ನು ತಮ್ಮ ಜಾಹೀರಾತಿನಿಂದ ತೆಗೆಯುವ ಕುರಿತು.

ಉಲ್ಲೇಖ: ತಮ್ಮ ಪ್ರಚಾರ ವಿಭಾಗದ ಕು. ಅರ್ಪಿತಾ ಅವರ ಏಳು ಫೋನ್ ಕರೆಗಳು.

ಮಾನ್ಯರೇ (ಎಂದು ಬರೆಯುವುದು ರೂಢಿ),

1. ಅರ್ಜಿದಾರನು ಕಾಲೇಜಿನಲ್ಲಿ ಆಡುವಾಗ ಇದೇ ಶೂವಿನ ಬಿಳಿ-ಕೆಂಪು ಜೋಡಿಯನ್ನು ನಾಲ್ಕು ವರ್ಷ ತೊಟ್ಟವನು. ಆದಕಾರಣ ಹೊಸ ಬಣ್ಣ ಬರುತ್ತದೆಂದು ಕೇಳಿ, ಮದುವೆ ಗೊತ್ತಾದವನಂತೆ ಕುಣಿದದ್ದು ನಿಜ. ತಾವು ವಿಮರ್ಶೆಗೆಂದು ಕಳಿಸಿದ ಪೆಟ್ಟಿಗೆ ತೆರೆದ ಕೂಡಲೇ ಕುಣಿತ ನಿಂತಿತು.

2. ಸದರಿ ಶೂವಿನ ಅಡಿಯ ರಬ್ಬರ್ ಸೋಲ್ ಪೆಟ್ಟಿಗೆಯಲ್ಲೇ ಹಳದಿಯಾಗಿತ್ತು. ಕೆಟ್ಟುಹೋಗಿದೆಯೆಂದು ಫೋನ್ ಮಾಡಿದರೆ ಅರ್ಪಿತಾ ಅವರು, "ಇಲ್ಲ ಸರ್, ಅದು ಬೇಕೂಂತಲೇ ಮಾಡಿರೋದು. ಹಳೇ ಲುಕ್!" ಎಂದರು. ಅಬ್ಬಾ! ಈ ಶಾಲೆಯ ತಂಡದ ಹುಡುಗಿಯರ ಕ್ಯಾನ್ವಾಸ್ ಶೂಗಳು ಆ ಬಣ್ಣಕ್ಕೆ ಬರಲು ಎರಡು ವರ್ಷ ಓಡಬೇಕಾಯಿತು. ತಾವು ಓಡದೆಯೇ ಬಳಿದುಬಿಟ್ಟಿದ್ದೀರಿ.

3. ಇನ್ನು ಮೇಲ್ಭಾಗದ ಚರ್ಮದ ಬಣ್ಣ. ಅದಕ್ಕೆ 'ಮಲೆನಾಡು ಚೊಗರು' ಎಂದು ನಾಮಕರಣ ಮಾಡಿದ ಪುಣ್ಯಾತ್ಮರು ಯಾರೋ, ಅವರು ಚೊಗರನ್ನು ಕಂಡವರಲ್ಲ. ಅಡಿಕೆ ಬೇಯಿಸಿದ ನೀರು ಬತ್ತಿ ಬತ್ತಿ ಗಟ್ಟಿಯಾದ ಕಡುಗೆಂಪು ರಸ ಅದು. ಅಂಗಿಗೆ ತಾಗಿದರೆ ಅಂಗಿ ಹರಿದರೂ ಹೋಗದು. ತಮ್ಮದು ಟೊಮ್ಯಾಟೊ ಸಾರಿಗೆ ನೀರು ಹೆಚ್ಚಾದ ಬಣ್ಣ.

4. ಶಾಲೆಯಲ್ಲಿ ಬಿಸಿಯೂಟ ಮಾಡುವ ಪ್ರೇಮಕ್ಕನವರು ಸ್ಟಾಫ್ ರೂಮಿನಲ್ಲಿ ಇದನ್ನು ನೋಡಿ, "ಎಂತ ಸರ್ ಇದು, ಬಣ್ಣವೇ ಕೂತಿಲ್ವಲ್ಲ ಮಾರಾಯ್ರೆ!" ಎಂದು ಮರುಗಿದರು. ಬಣ್ಣ ಬಾರದ ಅಡಿಕೆಯನ್ನು ಚೊಗರಿಗೆ ಅದ್ದಿ ಒಣಗಿಸುವುದು ಅವರ ಮನೆಯಲ್ಲಿ ವರ್ಷವೂ ನಡೆಯುವ ಕೆಲಸ. ಕಾರಣ, ಯಾರನ್ನೂ ಕೇಳದೆ ಎಡಗಾಲಿನ ಶೂ ಒಯ್ದು, ಅದ್ದಿ, ಎರಡು ಬಿಸಿಲು ಒಣಗಿಸಿ ತಂದಿಟ್ಟರು. "ಹಂಡೇಲಿ ಒಂದೇ ಹಿಡೀತು ಸರ್. ಇನ್ನೊಂದು ನಾಳೆ." ಅರ್ಜಿದಾರನು ಬಲಗಾಲಿನದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದನು.

5. ತಾವು ಕಳಿಸಿದ್ದು ಆರನೇ ನಂಬರ್. ಅರ್ಜಿದಾರನ ಕಾಲು ಒಂಬತ್ತು. ಆದ್ದರಿಂದ ತಂಡದ ನಾಯಕಿ ನಿಶ್ಚಿತಾ ಅದನ್ನು ತೊಟ್ಟು ಇಪ್ಪತ್ತು ನಿಮಿಷ ಆಡಿದಳು. ಬೆವರಿಗೆ ಬಲಗಾಲಿನ ಬಣ್ಣ ಬಿಟ್ಟು ಅವಳ ಸಾಕ್ಸ್ ಗುಲಾಬಿಯಾಯಿತು, ಹಿಮ್ಮಡಿ ಸುಲಿಯಿತು. ಪ್ರೇಮಕ್ಕ ಅದ್ದಿದ ಎಡಗಾಲಿನದು ಒಂದು ಹನಿಯೂ ಬಿಡಲಿಲ್ಲ. ತಮ್ಮ ಬಣ್ಣ ವಿಭಾಗದಲ್ಲಿ ಎಷ್ಟು ಜನರಿದ್ದಾರೆಂದು ಕೇಳುವ ಅಧಿಕಾರ ಅರ್ಜಿದಾರನಿಗಿಲ್ಲ.

6. ಇಷ್ಟಾದರೂ ಅರ್ಜಿದಾರನು ವಿಡಿಯೋದಲ್ಲಿ ಏನು ಹೇಳಿದನು? ಬಲಗಾಲಿನದನ್ನು ಮಾತ್ರ ತೋರಿಸುತ್ತಾ, ಹಲ್ಲು ಕಿರಿದು, "ಮಲೆನಾಡಿನ ಆತ್ಮವೇ ಈ ಶೂನಲ್ಲಿದೆ ಸ್ನೇಹಿತರೇ" ಎಂದನು. ಏಕೆಂದರೆ ಅರ್ಪಿತಾ ಅವರು, "ಒಳ್ಳೇ ರಿವ್ಯೂ ಬಂದ್ರೆ ನಿಮ್ಮ ಟೀಮಿಗೆ ಹತ್ತು ಜೊತೆ ಫ್ರೀ ಸರ್" ಎಂದಿದ್ದರು. ಶನಿವಾರ ಚಿಕ್ಕಮಗಳೂರಿನಲ್ಲಿ ಜಿಲ್ಲಾ ಮಟ್ಟದ ಪಂದ್ಯ. ಹತ್ತು ಹುಡುಗಿಯರಲ್ಲಿ ಆರು ಜನರ ಶೂ ಬಾಯಿ ಬಿಟ್ಟಿವೆ. ಯಾವ ಮಾಸ್ತರನಿಗೆ ಆಸೆಯಾಗುವುದಿಲ್ಲ, ತಾವೇ ಹೇಳಿ.

7. ತಾವು ಆ ವಾಕ್ಯವನ್ನೂ ಅರ್ಜಿದಾರನ ಮುಖವನ್ನೂ ಜಾಹೀರಾತು ಮಾಡಿ ಊರಿಗೆಲ್ಲ ತೋರಿಸಿದಿರಿ. ಮರುದಿನ ಅಭ್ಯಾಸದ ನಡುವೆ ನಿಶ್ಚಿತಾ ಚೆಂಡನ್ನು ಬಗಲಲ್ಲಿಟ್ಟುಕೊಂಡು ಬಂದು ನಿಂತಳು. ಹಿಮ್ಮಡಿಗೆ ಇನ್ನೂ ಪಟ್ಟಿಯಿತ್ತು.

"ಸರ್, ಫೌಲ್ ಆದ್ರೆ ಕೈ ಎತ್ತಿ ಒಪ್ಕೊಳ್ಳಿ ಅಂತ ನಮ್ಗೆ ಹೇಳ್ತೀರಲ್ಲ. ನೀವ್ ಎತ್ತಲ್ವಾ?"

"ನಿಮಗೋಸ್ಕರ ಹೇಳಿದ್ದು ಕಣೇ."

"ನಮ್ಗೆ ಬೇಡ ಸರ್. ಎಲ್ರನ್ನೂ ಕೇಳ್ಕೊಂಡೇ ಬಂದಿದ್ದು."

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅರ್ಜಿದಾರನಿಗೆ ಇಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಶಿಳ್ಳೆ ಊದಿ ಅಭ್ಯಾಸ ಮುಂದುವರಿಸಿದನು, ಅಷ್ಟೇ.

8. ಸದರಿ ಸಂಜೆಯೇ ಅರ್ಜಿದಾರನು ತನ್ನ ಚಾನೆಲ್ಲಿನಿಂದ ವಿಡಿಯೋ ಅಳಿಸಿರುತ್ತಾನೆ. ತಮ್ಮ ಜಾಹೀರಾತು ಮಾತ್ರ ಇನ್ನೂ ಹಲ್ಲು ಕಿರಿಯುತ್ತಿದೆ. ಕೇಳಿದರೆ ಅರ್ಪಿತಾ ಅವರು, "ಶೂ ತಲುಪಿದ ಮೇಲೆ ನೋಡೋಣ ಸರ್" ಎನ್ನುತ್ತಾರೆ. ಕಾರಣ, ಸದರಿ ಹತ್ತು ಜೊತೆಗಳನ್ನು ಕಳಿಸಕೂಡದು. ಕಳಿಸಿದಲ್ಲಿ ಪೆಟ್ಟಿಗೆ ಒಡೆಯದೆ ಹಿಂದಿರುಗಿಸಲಾಗುವುದು.

ಇಂತಿ, ತಮ್ಮ ಮೇಲೆ ವಿಶ್ವಾಸವಿಲ್ಲದ,
(ಸಹಿ) ಗಂಗಾಧರ್

ಅಡಕ:
ಅ) ಬಲಗಾಲಿನ ಶೂ, ಒಂದು.
ಆ) ಎಡಗಾಲಿನ ಶೂ, ಒಂದು. ಚೊಗರೆಂದರೆ ಏನೆಂದು ತಮ್ಮ ವಿಭಾಗದವರು ತಿಳಿಯಲಿ ಎಂದು ಪ್ರೇಮಕ್ಕನವರು ಕಳಿಸಿದ್ದು.
ಇ) ಗುಲಾಬಿ ಸಾಕ್ಸ್, ಒಗೆದದ್ದು, ಮೂರು ಸಲ.

ವಿಶೇಷ ಸೂಚನೆ: ತಂಡವು ಶನಿವಾರ ಬೆಳಿಗ್ಗೆ ಆರೂ ಕಾಲು ಗಂಟೆಯ ಬಸ್ಸಿಗೆ ಹೊರಡುತ್ತದೆ. ಪ್ರಯಾಣ ಎರಡು ಗಂಟೆಗೂ ಹೆಚ್ಚು. ಅರ್ಜಿದಾರನಿಗೆ ನಿಶ್ಚಿತಾಳ ಪಕ್ಕದ ಸೀಟು, ಅವಳ ಕೈಯಲ್ಲಿ ಮೊಬೈಲು, ಅದರಲ್ಲಿ ಪದೇ ಪದೇ ತಮ್ಮ ಜಾಹೀರಾತು. ಆದ್ದರಿಂದ ಸದರಿ ಜಾಹೀರಾತನ್ನು ಶುಕ್ರವಾರ ಕಚೇರಿ ವೇಳೆಯೊಳಗೆ ಅಳಿಸಿಕೊಡಬೇಕಾಗಿ ಕೋರಿಕೆ.