ಮಲಾವಿಯ ಸೋಮು ಮತ್ತು ನನ್ನ ಇಂಗ್ಲಿಷು

ನಮ್ಮ ಕಡೆಯ ಜನ ಬಾಯಿತುಂಬ ಆಡುವ ಮಾತುಗಳಲ್ಲಿ ಅರ್ಧವನ್ನಾದರೂ ಯಾರೂ ನಂಬಬಾರದು ಎಂಬ ಒಪ್ಪಂದದ ಮೇಲೆಯೇ ನಮ್ಮ ನೆಂಟಸ್ತಿಕೆ, ಗೆಳೆತನಗಳೆಲ್ಲ ನಿಂತಿವೆ. ಬಾಗಿಲಲ್ಲಿ ನಿಂತು ಹರಟೆ ಹೊಡೆದು ಹೊರಟವರಿಗೆ "ಉಂಡು ಹೋಗ್ರಿ" ಎನ್ನುತ್ತೇವೆ. ಅವರು "ಈಗರೆ ಉಂಡು ಬಂದೀನ್ರಿ" ಎನ್ನುತ್ತಾರೆ. ಅವರು ಉಂಡಿಲ್ಲವೆಂದು ನಮಗೆ ಗೊತ್ತು. ನಮ್ಮ ಮನೆಯಲ್ಲಿ ರೊಟ್ಟಿ ಮುಗಿದಿದೆಯೆಂದು ಅವರಿಗೆ ಗೊತ್ತು. ಇಬ್ಬರ ಮಾನವೂ ಉಳಿಯುತ್ತದೆ. ಹಿರಿಯರ ಕಾಲದಿಂದ ಸುಸೂತ್ರವಾಗಿ ನಡೆದುಬಂದ ಈ ಏರ್ಪಾಡನ್ನು ನಮ್ಮ ಮನೆಯ ಮಟ್ಟಿಗೆ ಕೆಡಿಸಿದವನು ಆಫ್ರಿಕಾದ ಮಲಾವಿ ದೇಶದಿಂದ ಕಲಬುರಗಿಗೆ ಓದಲು ಬಂದ ಒಬ್ಬ ವಿದ್ಯಾರ್ಥಿ. ಅವನು ನನ್ನ ಮಾತನ್ನು ನಂಬಿಬಿಟ್ಟ.

ನಾನು ಶಹಾಬಾದಿನಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಮಾಸ್ತರ. ಭಾನುವಾರ ಚರ್ಚಿನಲ್ಲಿ ಫ್ಯಾನಿನ ಕೆಳಗಿನ ಬೆಂಚನ್ನು ಹಿಡಿದು ಕೂರುವ ಸಾಧಾರಣ ಭಕ್ತ. ನಮ್ಮ ಪಾಸ್ಟರು ಒಮ್ಮೆ ಯಾವುದೋ ದೊಡ್ಡ ಊರಿನ ಸಭೆಗೆ ಹೋಗಿ ಬಂದವರು ಹೊಸ ಉತ್ಸಾಹವೊಂದನ್ನು ಹೊತ್ತು ತಂದರು. ದೂರ ದೇಶಗಳಿಂದ ಓದಲು ಬಂದ ಮಕ್ಕಳು ಇಲ್ಲಿ ಒಂಟಿಯಾಗಿರುತ್ತಾರೆ, ಊರೂರಿನ ಚರ್ಚುಗಳು ಅವರ ಗೆಳೆತನ ಮಾಡಬೇಕು ಎಂಬುದು ಅದರ ಸಾರ. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ ಚರ್ಚುಗಳವರೂ ಕೂಡಿಕೊಂಡರು. ಕೂಡಲೇ ಒಂದು ಸಮಿತಿ ಆಯಿತು. ಗೆಳೆತನಕ್ಕೂ ಸಮಿತಿ ಬೇಕೇ ಎಂದು ಕೇಳಬೇಡಿ. ನಮ್ಮಲ್ಲಿ ಕ್ರಿಸ್‌ಮಸ್ ನಕ್ಷತ್ರಕ್ಕೆ ಬಲ್ಬು ಹಾಕುವುದಕ್ಕೂ ಸಮಿತಿ ಇದೆ. ಬಲ್ಬು ಮಾತ್ರ ಹತ್ತುವುದಿಲ್ಲ. ವಾಡಿಯಲ್ಲಿ ರೈಲ್ವೆ ನೌಕರಿ ಮಾಡುವ ಜಯರಾಜ ಕಾರ್ಯದರ್ಶಿಯಾದ. ಇಂಗ್ಲಿಷ್ ಬಲ್ಲವನು ಎಂಬ ಅಪವಾದದ ಮೇಲೆ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದರು.

'ವಿದೇಶಿ' ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ನಮ್ಮೆಲ್ಲರ ತಲೆಯಲ್ಲಿ ಒಂದೇ ಬಣ್ಣ ಮೂಡಿತು. ಜಯರಾಜ ಬ್ರೆಡ್ಡು, ಬೆಣ್ಣೆ, ಜಾಮು ತರಿಸಿದ. ಚಿತ್ತಾಪುರದ ಹೆಣ್ಣುಮಕ್ಕಳು ಇಂಗ್ಲಿಷ್ ಹಾಡೊಂದನ್ನು, ಅರ್ಥದ ಗೊಡವೆಗೆ ಹೋಗದೆ, ಬಾಯಿಪಾಠ ಮಾಡಿದರು. ಭಾನುವಾರ ಮಧ್ಯಾಹ್ನ, ನಾವು ಕರೆದಿದ್ದ ವಿದ್ಯಾರ್ಥಿಗಳ ಗಾಡಿ ಕಲಬುರಗಿಯಿಂದ ನಮ್ಮ ಚರ್ಚಿನ ಮುಂದೆ ಬಂದು ನಿಂತು ಬಾಗಿಲು ತೆರೆಯಿತು. ಇಳಿದವರು ಮಲಾವಿ, ತಾಂಜಾನಿಯಾ ದೇಶಗಳ ಎತ್ತರದ, ಕಪ್ಪನೆಯ, ನಗುಮೊಗದ ಹುಡುಗರು. ಜಯರಾಜ ನನ್ನ ಕಿವಿಯ ಹತ್ತಿರ ಬಂದ.

"ಮಾಸ್ತರ, ಫಾರೇನದವರ ಗಾಡಿ ಹಿಂದ ಬರಲಿಕತ್ತದೇನ್ರಿ?"

"ಇವರೇ ಫಾರೇನದವರು" ಎಂದೆ.

ಅವನು ಮೇಜಿನ ಮೇಲಿದ್ದ ಬ್ರೆಡ್ಡುಗಳ ಕಡೆ, ಮದುವೆ ಮುರಿದ ಮನೆಯವರು ಮಂಟಪ ನೋಡುವಂತೆ ನೋಡಿದ. ನಮ್ಮ ಜನವೇನು ಹಾಲಿನಲ್ಲಿ ಮಿಂದು ಬಂದವರಲ್ಲ. ಯಾರಾದರೂ ನಮ್ಮನ್ನು ಬಣ್ಣ ನೋಡಿ, ಕುಲ ಕೇಳಿ ಅಳೆದಾಗ ನಮಗೆ ಉರಿಯುತ್ತದೆ. ಅದೇ ಕೆಲಸವನ್ನು ನಾವು ಮಾಡಿದಾಗ ಮಾತ್ರ ಅದು 'ಸುಮ್ಮನೆ ನೋಡಿದ್ದು' ಆಗುತ್ತದೆ.

ನಾನು ಸ್ವಾಗತ ಭಾಷಣ ಮಾಡಿದೆ. ನನ್ನ ಇಂಗ್ಲಿಷ್ ಎಂಥದೆಂದರೆ, ಅದು ನನಗೆ ತಿಳಿಯುತ್ತದೆ, ನನ್ನ ಕೈಯಲ್ಲಿ ಕಲಿತವರಿಗೆ ಅಲ್ಪಸ್ವಲ್ಪ ತಿಳಿಯುತ್ತದೆ; ಇಂಗ್ಲಿಷ್ ಬಲ್ಲವರಿಗೆ ತಿಳಿಯುವುದಿಲ್ಲ. ನಾನು ಉಸಿರು ತೆಗೆದುಕೊಳ್ಳಲು ನಿಂತಲ್ಲೆಲ್ಲ ಆ ಹುಡುಗರು ಭಾಷಣ ಮುಗಿಯಿತೆಂದು ಚಪ್ಪಾಳೆ ತಟ್ಟಿದರು. ಆಮೇಲೆ ಬ್ರೆಡ್ಡನ್ನು ಮರ್ಯಾದೆಗೆ ತಿಂದರು. ಅವರಲ್ಲೊಬ್ಬ ಮಾತ್ರ ವಾಸನೆಯ ಜಾಡು ಹಿಡಿದು ಚರ್ಚಿನ ಹಿಂದಕ್ಕೆ ಹೋದ. ಅಲ್ಲಿ ನಮ್ಮ ಹೆಂಗಸರು ತಮಗಾಗಿ ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಪುಂಡಿಪಲ್ಯದ ಗಂಟು ಬಿಚ್ಚಿದ್ದರು. ಹುಡುಕಿಕೊಂಡು ಹೋದರೆ ಅವನು ಅವರ ನಡುವೆ ಚಕ್ಕಳಮಕ್ಕಳ ಹಾಕಿ ಕೂತು ರೊಟ್ಟಿ ಮುರಿಯುತ್ತಿದ್ದ. ಹೆಸರು ಚಿಸೋಮೊ. ನನ್ನ ಹೆಂಡತಿ ಸುವಾರ್ತಾ ಅದನ್ನು ಒಂದೆರಡು ಸಲ ಅಂದು ನೋಡಿ, ಇದು ಆಗುವ ಕೆಲಸವಲ್ಲವೆಂದು 'ಸೋಮು' ಎಂದು ತೀರ್ಮಾನಿಸಿದಳು.

ಬೀಳ್ಕೊಡುವಾಗ ಎಲ್ಲರೂ ಎಲ್ಲರಿಗೂ ಮನೆಗೆ ಬನ್ನಿ ಎಂದರು. ನಾನು ಅಧ್ಯಕ್ಷನಾದ್ದರಿಂದ ಎದೆಯ ಮೇಲೆ ಕೈಯಿಟ್ಟು, ನಮ್ಮ ಮನೆ ನಿನ್ನದೇ ಮನೆ, ಯಾವಾಗ ಬೇಕಾದರೂ ಬಾ ಎಂದು ಸೋಮುವಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಇಡೀ ದಿನದಲ್ಲಿ ನಾನಾಡಿದ ಇಂಗ್ಲಿಷಿನಲ್ಲಿ ಅವನಿಗೆ ಸರಿಯಾಗಿ ತಿಳಿದದ್ದು ಅದೊಂದೇ ವಾಕ್ಯ. ಉಳಿದ ಹುಡುಗರು ಜಾಣರು, ಆ ಮಾತಿನ ಬೆಲೆ ಅರಿತವರು. ಸೋಮು ಮುಂದಿನ ಶನಿವಾರ ಪ್ಯಾಸೆಂಜರ್ ಗಾಡಿ ಹತ್ತಿ, ಬೆನ್ನಿಗೊಂದು ಚೀಲ ಹಾಕಿಕೊಂಡು ನಮ್ಮ ಮನೆಗೆ ಬಂದ. ಅದರ ಮುಂದಿನ ಶನಿವಾರವೂ ಬಂದ. ಆಮೇಲೆ ಅವನು ಬರುವುದು ಸುದ್ದಿಯಾಗಿ ಉಳಿಯಲಿಲ್ಲ.

ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯವರೆಗಿನ ಹೊತ್ತು ನನ್ನ ಪಾಲಿಗೆ ಪವಿತ್ರವಾದದ್ದು. ಬನಿಯನ್ನು, ಲುಂಗಿ, ತಂಪು ಫರಸಿಕಲ್ಲಿನ ನೆಲದ ಮೇಲೊಂದು ನಿದ್ದೆ, ಟಿವಿಯಲ್ಲಿ ನಾಲ್ಕು ಜನ ಕಿರುಚಾಡುವ ಚರ್ಚೆ. ಇದಕ್ಕಾಗಿ ವಾರವಿಡೀ ದುಡಿಯುವವನು ನಾನು. ಈಗ ಅತಿಥಿ ಇದ್ದಾನೆಂದು ಅಂಗಿ ತೊಟ್ಟು ಕೂರಬೇಕಾಯಿತು. ಅತಿಥಿಯೋ, ನನ್ನ ಹಳೆಯ ಲುಂಗಿಯುಟ್ಟು ಫರಸಿಯ ಮೇಲೆ ಮಲಗಿರುತ್ತಿದ್ದ. ನಾನು ಅವನೊಡನೆ ಇಂಗ್ಲಿಷಿನಲ್ಲಿ ಹವಾಮಾನದ ಕುರಿತು ಮಾತು ತೆಗೆದರೆ ಅವನು ಬಹಳ ವಿನಯದಿಂದ ಇನ್ನೊಮ್ಮೆ ಹೇಳಿ ಎನ್ನುತ್ತಿದ್ದ. ಅಡುಗೆಮನೆಯಿಂದ ಸುವಾರ್ತಾ ಶುದ್ಧ ಕನ್ನಡದಲ್ಲಿ "ಸೋಮು, ನೀರು ಬಂದಾವ, ಕೊಡಾ ತೊಗೊಂಡು ಬಾ" ಎಂದರೆ ಒಂದೇ ಸಲಕ್ಕೆ ಎದ್ದು ಓಡುತ್ತಿದ್ದ.

ಅವರ ಊರಲ್ಲಿ ಮೆಕ್ಕೆಜೋಳದ ಹಿಟ್ಟನ್ನು ಗಟ್ಟಿಯಾಗಿ ತಿರುವಿ, ಕೈಯಿಂದ ಮುರಿದು, ಪಲ್ಯಕ್ಕೆ ಹಚ್ಚಿ ತಿನ್ನುತ್ತಾರಂತೆ. ಅದನ್ನವನು ಕೈಬಾಯಿ ಸನ್ನೆಯಲ್ಲಿ ವಿವರಿಸಿದ್ದೇ ಇವಳು ಜೋಳದ ನುಚ್ಚನ್ನು ಗಟ್ಟಿ ಮಾಡಿ ಬಡಿಸಿದಳು. ಅವನು ಕಣ್ಣು ಮುಚ್ಚಿಕೊಂಡು ತಿಂದ. ಅಂದಿನಿಂದ ಶನಿವಾರವೆಂದರೆ ನಮ್ಮ ಮನೆಯಲ್ಲಿ ನುಚ್ಚು. ನನಗೆ ಚಪಾತಿ ಇಷ್ಟವೆಂಬ ವಿಷಯ ಮನೆಯ ನೆನಪಿನಿಂದ ಅಳಿಸಿಹೋಯಿತು.

ಪಾಸ್ಟರ ಹತ್ತಿರ ದುಃಖ ತೋಡಿಕೊಂಡರೆ ಅವರು ನನ್ನ ಕೈ ಹಿಡಿದು ಅಭಿನಂದಿಸಿದರು. ಜಯರಾಜನಿಗೆ ಹೇಳಿ, ಒಂದೆರಡು ವಾರ ವಾಡಿಗೆ ಕರೆಸಿಕೊಳ್ಳಪ್ಪ ಎಂದರೆ, "ನಮ್ಮನ್ಯಾಗ ಜಾಗಾ ಭಾಳ ಸಣ್ಣದ್ರಿ ಮಾಸ್ತರ, ಮನಸು ಮಾತ್ರ ದೊಡ್ಡದದ" ಎಂದ. ಕೊನೆಗೆ ಅಧ್ಯಕ್ಷನೇ ನಿರ್ಧಾರ ತೆಗೆದುಕೊಳ್ಳಬೇಕಾಯಿತು. ಪರೀಕ್ಷೆಗಳು ಸಮೀಪಿಸುತ್ತಿರುವ ಈ ಸಂದರ್ಭದಲ್ಲಿ, ನಿನ್ನ ವ್ಯಾಸಂಗದ ಹಿತದೃಷ್ಟಿಯಿಂದ, ನಮ್ಮ ಭೇಟಿಗಳನ್ನು ಕೊಂಚ ವಿರಳಗೊಳಿಸುವುದು ಉಭಯತ್ರರಿಗೂ ಶ್ರೇಯಸ್ಕರ ಎಂಬರ್ಥದ ಒಂದು ಇಂಗ್ಲಿಷ್ ವಾಕ್ಯವನ್ನು ಕಟ್ಟಿ, ಗಡ್ಡ ಹೆರೆದುಕೊಳ್ಳುವಾಗ ಕನ್ನಡಿಯೆದುರು ಅಭ್ಯಾಸ ಮಾಡತೊಡಗಿದೆ. "ಕನ್ನಡಿಗಿ ಏನು ಪಾಠಾ ಹೇಳಲಿಕತ್ತೀರಿ?" ಎಂದು ಸುವಾರ್ತಾ ಕೇಳಿದಳು. ವಿಷಯ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಹೆಂಡತಿ ಏನೂ ಅನ್ನದಿರುವುದು ಒಪ್ಪಿಗೆಯಲ್ಲವೆಂದು ಸಂಸಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ವಾಕ್ಯವನ್ನು ಶನಿವಾರಕ್ಕೆಂದು ಕಾದಿಟ್ಟಿದ್ದೆ. ಸೋಮು ಬುಧವಾರ ಬೆಳಿಗ್ಗೆಯೇ ಬಂದು ಬಾಗಿಲಲ್ಲಿ ನಿಂತ. ನಾನು ಶಾಲೆಗೆ ಹೊರಟವನು ಚಪ್ಪಲಿ ಮೆಟ್ಟುತ್ತಿದ್ದೆ. ಶನಿವಾರ ಸಾಲದೆಂದು ಬುಧವಾರವನ್ನೂ ಶುರುಮಾಡಿದನೇ ಎಂದು ಸಿಟ್ಟು ಬಂತು. ಸಿಟ್ಟಿನಲ್ಲಿ ನನ್ನ ಇಂಗ್ಲಿಷ್ ಸರಾಗವಾಗುತ್ತದೆ. ಅವನು ಬಾಯಿ ತೆರೆಯುವ ಮುಂಚೆಯೇ ಒಂದು ತಡೆಯಿಲ್ಲದೆ ಇಡೀ ವಾಕ್ಯವನ್ನು ಒಪ್ಪಿಸಿಬಿಟ್ಟೆ. ಅವನು ಕೇಳುತ್ತ ಕೇಳುತ್ತ ತಲೆಯಾಡಿಸಿದ. ಆಮೇಲೆ ಅವನ ಕಣ್ಣಿಂದ ನೀರು ಇಳಿಯಿತು. ಆಮೇಲೆ ಮುಂದೆ ಬಂದು ನನ್ನನ್ನು ತಬ್ಬಿಕೊಂಡು, ನನ್ನ ಭುಜದ ಮೇಲೆ ಮುಖವಿಟ್ಟು ಬಿಕ್ಕತೊಡಗಿದ. ಒಂದು ವಾಕ್ಯಕ್ಕೆ ಇಷ್ಟೊಂದು ಶಕ್ತಿ ಇರುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ಹಿಟ್ಟಿನ ಕೈಯಲ್ಲೇ ಸುವಾರ್ತಾ ಹೊರಗೆ ಬಂದಳು. "ಯಾಕ ಸೋಮು, ಏನಾತು?"

"ಅವ್ವ ಇಲ್ಲ" ಎಂದ.

"ಊರಾಗ ಇಲ್ಲೇನು? ಎಲ್ಲಿಗಿ ಹೋಗ್ಯಾಳ?"

ಅವನು ಅಲ್ಲವೆಂದು ತಲೆಯಾಡಿಸಿದ. ಅವನಿಗೆ ಬರುತ್ತಿದ್ದ ಕನ್ನಡ ಅಷ್ಟೇ. "ಇಲ್ಲ. ಅವ್ವ ಇಲ್ಲ."

ಅವಳು ಅವನನ್ನು ನನ್ನ ಭುಜದಿಂದ ಬಿಡಿಸಿಕೊಂಡು ಹೋಗಿ ಕೂಡಿಸಿದಳು. ಹಿಟ್ಟು ಹತ್ತಿದ ಕೈಯಲ್ಲೇ ಅವನ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದಳು. ಅವನ ತಾಯಿ ಮೀನು ಮಾರಿ ಇವನನ್ನು ಓದಿಸಿದ್ದಳಂತೆ. ಮಣ್ಣು ಮಾಡುವುದು ಮರುದಿನವೇ. ಅಷ್ಟರಲ್ಲಿ ಇಲ್ಲಿಂದ ಅಲ್ಲಿಗೆ ಮುಟ್ಟುವುದು ಆಗದ ಮಾತು. ಹಾಸ್ಟೆಲಿನಲ್ಲಿ ಅವನ ದೇಶದವರೇ ಇದ್ದರು. ಆದರೂ ಸುದ್ದಿ ಬಂದೊಡನೆ ಅವನು ಸ್ಟೇಷನ್ನಿಗೆ ನಡೆದು, ಗಾಡಿ ಹತ್ತಿ, ನಮ್ಮ ಮನೆಗೆ ಬಂದಿದ್ದ. ನಾನು ಮೆಟ್ಟಿದ್ದ ಚಪ್ಪಲಿ ಬಿಟ್ಟೆ. ಅಂದು ಶಾಲೆಗೆ ಹೋಗಲಿಲ್ಲ.

ಅಳುವ ದನಿ ಕೇಳಿ ಪಕ್ಕದ ಮನೆಯ ಶರಣಮ್ಮ ಬಂದು ಇಣುಕಿದರು. ಸುವಾರ್ತಾ ಕಣ್ಣೊರೆಸಿಕೊಳ್ಳುತ್ತ "ಅವ್ವ ತೀರಿಕೊಂಡಾಳ್ರಿ" ಎಂದಳು. ನನ್ನ ತಾಯಿ ಹೋಗಿ ಬಹಳ ವರ್ಷಗಳಾದವು ಎಂಬುದು ಶರಣಮ್ಮನಿಗೆ ಗೊತ್ತು. ಹಾಗಾಗಿ ಮಾಸ್ತರ ಅತ್ತೆ ಹೋದರು ಎಂದು ಸಾರಿಕೊಂಡು ಹೋದರು. ಒಲೆ ಹೊತ್ತಿಸದ ಮನೆಯೆಂದು ಓಣಿಯ ಮನೆಮನೆಯಿಂದ ರೊಟ್ಟಿ ಬರತೊಡಗಿದವು. ತಮ್ಮ ಊರಲ್ಲೂ ಹೀಗೆಯೇ ನೆರೆಯವರು ಹಿಟ್ಟು ತರುತ್ತಾರೆಂದು ಸೋಮು ಹೇಳಿದ. ಸುದ್ದಿ ಅತ್ತೆಯವರ ಊರಾದ ಸೇಡಮ್ಮಿಗೂ ಮುಟ್ಟಿತು. ಅಲ್ಲಿ ಅತ್ತೆಯವರು ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದಾಗ ಯಾರೋ ಬಂದು, ನೀವು ಸತ್ತದ್ದು ಕೇಳಿ ಕೆಟ್ಟನಿಸಿತು ಎಂದರಂತೆ. ಅವರು ಮೊದಲು ಸಿಕ್ಕ ಬಸ್ಸು ಹಿಡಿದು ಸಂಜೆಯೊಳಗೆ ನಮ್ಮ ಬಾಗಿಲಿಗೆ ಬಂದರು. ಚಾಪೆಯ ಮೇಲೆ ಅವರಿಗಾಗಿಯೇ ಅಳುತ್ತ ಕೂತಿದ್ದ ಹೆಂಗಸರು ಅವರನ್ನು ಕಂಡು ಒಮ್ಮೆಲೆ ಸುಮ್ಮನಾದರು.

"ನಾ ಜೀವಂತ ಇದ್ದೀನಿ, ಸರೀರಿ ಅತ್ತಾಗ" ಎಂದು ಅತ್ತೆ ಒಳಗೆ ಬಂದರು. ಬಂದದ್ದು ಜಗಳಕ್ಕೇ. ಆದರೆ ಮೂಲೆಯಲ್ಲಿ ಮೊಣಕಾಲು ತಬ್ಬಿ ಕೂತಿದ್ದ ಆ ಉದ್ದನೆಯ ಹುಡುಗನನ್ನು ಕಂಡು, ವಿಷಯ ಕೇಳಿ, ಅವನ ಪಕ್ಕ ಕೂತರು. ಅವನು ಫೋನಿನಲ್ಲಿ ತಾಯಿಯ ಚಿತ್ರ ತೋರಿಸಿದ. ಹೂವಿನ ಬಟ್ಟೆ ಸುತ್ತಿ, ಬುಟ್ಟಿಯ ಮುಂದೆ ಕೂತು ನಗುವ ಹೆಂಗಸು. ಅತ್ತೆ ಬಹಳ ಹೊತ್ತು ನೋಡಿ, ಆಮೇಲೆ ಎಲ್ಲರಿಗಿಂತ ಜೋರಾಗಿ ಅತ್ತರು. ಶರಣಮ್ಮ ಮೆಲ್ಲಗೆ "ಸತ್ತಾಕಿ ನಿಮಗೇನಾಗಬೇಕ್ರಿ?" ಎಂದು ಕೇಳಿದರು. "ನನ್ನ ಹಿರೀಮಗಳು ಅಂತ ತಿಳಕೋ" ಎಂದರು ಅತ್ತೆ. ನನಗೆ ಒಬ್ಬಳೇ ಹೆಂಡತಿ, ಅವರಿಗೆ ಒಬ್ಬಳೇ ಮಗಳು ಎಂದು ತಿದ್ದುವ ಧೈರ್ಯ ನನಗಿರಲಿಲ್ಲ.

ಮರುದಿನ ಮಧ್ಯಾಹ್ನ ಸೋಮು ಫೋನನ್ನು ನೀರಿನ ತಂಬಿಗೆಗೆ ಒರಗಿಸಿ ಇಟ್ಟ. ಅಲ್ಲಿ ಮಣ್ಣು ಮಾಡುತ್ತಿದ್ದರು. ಪಾಸ್ಟರು ಬಂದಿದ್ದರು, ಜಯರಾಜ ವಾಡಿಯಿಂದ ಬಂದು ಸಮಿತಿಗೊಂದು ಫೋಟೊ ಇರಲೆಂದು ಮೊಬೈಲು ತೆಗೆದ, ಅತ್ತೆಯ ಕಣ್ಣು ನೋಡಿ ಕಿಸೆಗೆ ಇಟ್ಟ. ಫೋನಿನೊಳಗೆ ಕೆಂಪು ಮಣ್ಣು, ಗಾಳಿಗೆ ಪಟಪಟಿಸುವ ಬಟ್ಟೆಗಳು, ಸಾಲಾಗಿ ನಿಂತ ಹೆಂಗಸರು. ಅವರು ಹಾಡತೊಡಗಿದರು. ಮಾತು ಯಾರಿಗೂ ತಿಳಿಯದು. ಆದರೆ ರಾಗ ನಮ್ಮದೇ. ನಮ್ಮಲ್ಲಿ ಯಾರಾದರೂ ಹೋದಾಗ ಹಾಡುವ ಕೀರ್ತನೆಯದು. ಮೊದಲು ಸುವಾರ್ತಾ ಸಣ್ಣಗೆ ಕನ್ನಡದಲ್ಲಿ ದನಿಗೂಡಿಸಿದಳು. ಆಮೇಲೆ ಚಾಪೆಯ ಮೇಲಿದ್ದ ಹೆಂಗಸರೆಲ್ಲ. ಆ ಕಡೆಯವರಿಗೂ ಕೇಳಿಸಿತೋ ಏನೋ, ಒಬ್ಬ ಮುದುಕಿ ತಿರುಗಿ ನಮ್ಮತ್ತ ನೋಡಿದಳು. ಜಯರಾಜ ಗೋಡೆಗೆ ಮುಖ ಮಾಡಿ ನಿಂತಿದ್ದ. ನನ್ನ ಕನ್ನಡಕ ಮಸುಕಾಗಿತ್ತು. ಅದರ ತಪ್ಪನ್ನು ಬಿಸಿಲಿನ ಮೇಲೆ ಹಾಕಿದೆ.

ಭಾನುವಾರ ಪಾಸ್ಟರು ಪ್ರಸಂಗದಲ್ಲಿ ನನ್ನ ಹೆಸರು ತೆಗೆದರು. "ಆ ಹುಡುಗ ಇನ್ನೂ ಬಾಯಿ ತೆರೆದಿರಲಿಲ್ಲ, ಅಷ್ಟರಲ್ಲೇ ಮಾಸ್ತರರು ಬಾಗಿಲಲ್ಲಿ ನಿಂತು ಎಷ್ಟೋ ಹೊತ್ತು ಸಾಂತ್ವನದ ಮಾತು ಹೇಳಿದರಂತೆ. ಇಂಗ್ಲಿಷ್ ಪೂರಾ ತಿಳಿಯಲಿಲ್ಲ, ಪ್ರೀತಿ ಪೂರಾ ತಿಳಿಯಿತು ಅಂತ ಅವನೇ ನನಗೆ ಹೇಳಿದ" ಎಂದರು. ಸಭೆ ನನ್ನತ್ತ ತಿರುಗಿತು. ಹೆಂಗಸರ ಸಾಲಿನಿಂದ ಸುವಾರ್ತಾ ಕೂಡ ನೋಡಿದಳು. ನಾನು ತಲೆ ತಗ್ಗಿಸಿದೆ. ಅದನ್ನು ಎಲ್ಲರೂ ನಮ್ರತೆಯೆಂದು ತಿಳಿದುಕೊಂಡರು. ನಾನು ತಿದ್ದಲು ಹೋಗಲಿಲ್ಲ.

ಸೋಮು ಈಗಲೂ ಬರುತ್ತಾನೆ. ಅತ್ತೆಯವರು ಅಂದು ಕಟ್ಟಿಕೊಟ್ಟ ನೆಂಟಸ್ತಿಕೆಯನ್ನು ಅವನು ಚೆನ್ನಾಗಿ ಪಾಠ ಮಾಡಿಕೊಂಡಿದ್ದಾನೆ. ಸುವಾರ್ತಾ ಅವನಿಗೆ ಚಿಗವ್ವ, ತಾಯಿಯ ತಂಗಿ. ಅತ್ತೆಯವರು ಆಯಿ, ಎಂದರೆ ಅಜ್ಜಿ. ಪಕ್ಕದ ಶರಣಮ್ಮನಿಗೂ ಅತ್ತಿ ಎನ್ನುತ್ತಾನೆ, ಅವರು ಹಿಗ್ಗಿ ಶೇಂಗಾ ಹೋಳಿಗೆ ಕೊಡುತ್ತಾರೆ. ಜಯರಾಜನಿಗೆ ಮಾಮಾ. ಮಲಗಲು ಫರಸಿ ಬಿಟ್ಟುಕೊಟ್ಟ, ಲುಂಗಿ ಕಳೆದುಕೊಂಡ, ಚಪಾತಿ ತ್ಯಾಗ ಮಾಡಿದ ನನಗೆ ಮಾತ್ರ 'ಸರ್'. ಸಮಿತಿಯ ಅಧ್ಯಕ್ಷನಾಗಿ ಇದನ್ನು ಎಷ್ಟು ದಿನ ಸಹಿಸಲಿ? ಮೊನ್ನೆ ಅವನನ್ನು ಹತ್ತಿರ ಕೂಡಿಸಿಕೊಂಡು, ಇಂಗ್ಲಿಷನ್ನು ಬದಿಗಿಟ್ಟು, ಆದಷ್ಟು ಮೆತ್ತಗೆ ಹೇಳಿದೆ: "ಸೋಮು, ನನಗ ಇನ್ಮ್ಯಾಗ ಕಾಕಾ ಅನ್ನಪ್ಪ."

ಅವನು ಎದ್ದು ನಿಂತ. ಎರಡೂ ಕೈ ಮುಂದೆ ಕಟ್ಟಿಕೊಂಡು, ಬಹಳ ಗೌರವದಿಂದ ತಲೆ ಬಾಗಿಸಿದ.

"ಆಯ್ತ್ರಿ, ಸರ್" ಎಂದ.